ಬಿಯರ್ಡೆಡ್ ಡ್ರ್ಯಾಗನ್ ಗೂಡಿಗೆ ಥರ್ಮಾಕೋಲ್ ಬಂಡೆ ಗೋಡೆ, ಮಡಿಕೇರಿ ಮಳೆಗೆ ತಡೆಯುತ್ತಾ?

ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ವಿದೇಶಿ ಹಲ್ಲಿ ಸಾಕುವ ಮೂರಡಿ ಗಾಜಿನ ಪೆಟ್ಟಿಗೆಯ ಹಿಂಬದಿಗೆ ಥರ್ಮಾಕೋಲ್‌ನಲ್ಲಿ ಬಂಡೆಯಂಥ ಗೋಡೆ ಮಾಡಬೇಕು, ನಮ್ಮ ಮಳೆಗೆ ಅದು ತಡೆಯುತ್ತಾ ಅಂತ ಕೇಳಿದ್ದೀರಿ. ತಡೆಯುತ್ತೆ. ಆದರೆ ಮಳೆಗಾಲದಲ್ಲಿ ಮಾತ್ರ ಕಟ್ಟಬೇಡಿ.

ನಾನು ಮೊದಲನೆಯದನ್ನು ಕಟ್ಟಿದ್ದು ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ. ತೋಟಕ್ಕೆ ಇಳಿಯುವ ಹಾಗಿರಲಿಲ್ಲ, ಸುಮ್ನೆ ಕೂತು ಬೇಜಾರಾಗಿತ್ತು. ಮೀನಿನಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆ ಪುಕ್ಕಟೆ ತಂದೆ. (ನೀವು ತರಬೇಡಿ. ಎಷ್ಟು ತೊಳೆದರೂ ಮತ್ತಿ ಮೀನಿನ ವಾಸನೆ ಹೋಗಲಿಲ್ಲ, ಬೆಕ್ಕು ಮೂರು ದಿನ ಅಲ್ಲೇ ಕಾವಲು ಕೂತಿತ್ತು. ಟಿವಿ ಬಂದ ಡಬ್ಬದ ಥರ್ಮಾಕೋಲ್ ಒಳ್ಳೆಯದು.) ಟೈಲ್ಸ್ ಸಂದಿಗೆ ಹಾಕುವ ಸಿಮೆಂಟ್ ಗ್ರೌಟ್ ಬಳಿದೆ, ಮುಟ್ಟಿದರೆ ಗಟ್ಟಿ ಅನ್ನಿಸಿತು, ಮೇಲೆ ವಾರ್ನಿಷ್ ಹೊಡೆದೆ. ಎರಡು ವಾರಕ್ಕೆ ವಾರ್ನಿಷ್ ಹಾಲಿನ ಹಾಗೆ ಬಿಳಿಚಿಕೊಂಡಿತು. ಉಗುರಲ್ಲಿ ಕೆರೆದರೆ ಹಪ್ಪಳದಂತೆ ಎದ್ದು ಬಂತು, ಹಿಂದೆಲ್ಲ ಬೂಷ್ಟು.

ಸಿಮೆಂಟಿಗೆ ತೇವ ಶತ್ರುವಲ್ಲ, ಅದಕ್ಕೆ ನೀರು ಬೇಕೇ ಬೇಕು. ಒಳಗಿನ ನೀರು ಹೊರಗೆ ಹೋಗುವ ಮೊದಲೇ ನಾನು ಮುಚ್ಚಳ ಹಾಕಿಬಿಟ್ಟಿದ್ದೆ, ಅಷ್ಟೆ. ಪದರಗಳ ನಡುವಿನ ಫೆವಿಕಾಲ್ ಕೂಡ ಒಣಗಿರಲಿಲ್ಲ. ಎರಡನೇ ಗೋಡೆಯನ್ನು ಫೆಬ್ರವರಿಯಲ್ಲಿ ಕಟ್ಟಿ, ಕಣದಲ್ಲಿ ಕಾಫಿ ಪಕ್ಕದಲ್ಲೇ ಒಣಗಲು ಇಟ್ಟೆ. ಅದು ಇವತ್ತಿಗೂ ಗಟ್ಟಿಯಾಗಿದೆ.

ಈಗ ಕೆಲಸ. ಥರ್ಮಾಕೋಲ್ ತುಂಡುಗಳನ್ನು ಹಿಂದೆ ಮುಂದೆ ಮಾಡಿ ಪೇರಿಸಿ, ಬಿಳಿ ಫೆವಿಕಾಲ್ ಹಚ್ಚಿ ಬಿದಿರುಕಡ್ಡಿ ಚುಚ್ಚಿ ನಿಲ್ಲಿಸಿ. ಚಪ್ಪಲಿಗೆ ಹಚ್ಚುವ ರಬ್ಬರ್ ಗಮ್, ಸ್ಪ್ರೇ ಪೇಂಟ್ ಎರಡೂ ಬೇಡ, ಥರ್ಮಾಕೋಲನ್ನು ಕರಗಿಸುತ್ತವೆ. ಕಾದ ಚಾಕುವಿನಿಂದ ಕೊಯ್ಯಬೇಡಿ, ಆ ಹೊಗೆ ಕೆಟ್ಟದ್ದು. ಆಕ್ಸಾ ಬ್ಲೇಡ್ ಸಾಕು. ಅಂಚುಗಳನ್ನು ಬೆರಳಿನಿಂದಲೇ ಕಿತ್ತರೆ ಕಲ್ಲು ಒಡೆದ ಹಾಗೆ ಕಾಣುತ್ತೆ, ಚಾಕುವಿಗೆ ಆ ರೂಪ ಬರಲ್ಲ.

ಗೋಡೆಯಲ್ಲಿ ಮಾಡುವ ಮೆಟ್ಟಿಲು ಹಲ್ಲಿಯ ಹೊಟ್ಟೆಗಿಂತ ಅಗಲ ಇರಲಿ. ದೊಡ್ಡದಾದರೆ ಅರ್ಧ ಕೇಜಿ ತೂಗುವ ಪ್ರಾಣಿ, ಕೆಳಗೆ ಆಧಾರ ಕೊಡಿ. ಮೇಲಿನ ಮೆಟ್ಟಿಲು ಶಾಖ ಕೊಡುವ ದೀಪಕ್ಕೆ ಹತ್ತಿರ ಹೋಗಬಾರದು. ಹಲ್ಲಿ ಜಾತಿಗೆ ಎತ್ತರ ಕಂಡರೆ ಹತ್ತಲೇಬೇಕು, ಬೆನ್ನು ಸುಟ್ಟುಕೊಳ್ಳುತ್ತೆ.

ಗ್ರೌಟ್ ಸಿಮೆಂಟಿನದ್ದೇ ತನ್ನಿ, ಎಪಾಕ್ಸಿ ಅಂಟಿನದು ಬೇಡ. ಮೊದಲ ಕೋಟ್ ನೀರುದೋಸೆ ಹಿಟ್ಟಿನಷ್ಟು ತೆಳ್ಳಗಿರಲಿ, ಸಂದುಗಳಿಗೆಲ್ಲ ಇಳಿಯಬೇಕು. ಆಮೇಲಿನ ಎರಡು ಮೂರು ಕೋಟ್ ಇಡ್ಲಿ ಹಿಟ್ಟಿನ ಹದ. ಪ್ರತಿ ಕೋಟ್‌ಗೂ ಒಂದು ದಿನ ಬಿಡಿ, ನಡುವೆ ನೀರು ಚಿಮುಕಿಸುತ್ತಾ ಇರಿ, ಇಲ್ಲದಿದ್ದರೆ ಪುಡಿಯಾಗುತ್ತೆ. ಕೊನೆಯ ಕೋಟ್ ಹಸಿ ಇರುವಾಗ ಜರಡಿ ಹಿಡಿದ ಮರಳು ಉದುರಿಸಿದರೆ ಉಗುರಿಗೆ ಹಿಡಿತ ಸಿಗುತ್ತೆ. ಬಣ್ಣಕ್ಕೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡನ್ನೇ ಗ್ರೌಟಿನಲ್ಲಿ ಕಲಸಿ. ನಮ್ಮ ಕಡೆಯ ಪಾಚಿ ಹಿಡಿದ ಬಂಡೆಯ ಹಾಗೆ ಹಸಿರು ಬಳಿಯೋದು ಯಾಕೆ? ಈ ಹಲ್ಲಿಯ ಊರು ಆಸ್ಟ್ರೇಲಿಯಾದ ಒಣ ಒಳನಾಡು ಅಲ್ವಾ.

ಆಮೇಲೆ ವಾರಗಟ್ಟಲೆ ಬಿಸಿಲು. ನೀರಿನಲ್ಲಿ ಕಲಸುವ ಅಕ್ರಿಲಿಕ್ ವಾರ್ನಿಷ್ ಹೊಡೆದ ಮೇಲೆ ಮತ್ತೆ ಎರಡು ವಾರ. ಮೂಗು ಹತ್ತಿರ ಇಟ್ಟಾಗ ಏನೂ ವಾಸನೆ ಬರಬಾರದು. ಗಾಜಿಗೆ ಸಿಲಿಕೋನ್ ಹಾಕಿ ಅಂಟಿಸುವಾಗ ಸುತ್ತಲಿನ ಸಂದು ಪೂರ್ತಿ ಮುಚ್ಚಿ. ಇಲ್ಲದಿದ್ದರೆ ತಿನ್ನಲು ಬಿಟ್ಟ ಚಿಮ್ಮಂಡೆಗಳು ಹಿಂದೆ ಸೇರಿಕೊಂಡು ರಾತ್ರಿಯಿಡೀ ಕಿರುಗುಟ್ಟುತ್ತವೆ. ಇರುವೆಗಳಂತೂ ಥರ್ಮಾಕೋಲ್ ಕೊರೆದು ಮನೆಯನ್ನೇ ಮಾಡುತ್ತವೆ. ಸಿಲಿಕೋನಿನ ಹುಳಿ ವಾಸನೆ ಹೋಗುವ ತನಕವೂ ಕಾಯಬೇಕು.

ಇನ್ನೊಂದು ಮಾತು. ಇದೆಲ್ಲ ಅಂಗಡಿಯಿಂದ ಕಾಗದಪತ್ರದ ಜೊತೆ ತಂದ ವಿದೇಶಿ ಹಲ್ಲಿಗೆ ಮಾತ್ರ. ತೋಟದಲ್ಲಿ ಸಿಕ್ಕ ಉಡ, ಹಾರುವ ಓತಿ ಸಾಕೋ ಯೋಚನೆ ಇದ್ದರೆ ಬಿಟ್ಟುಬಿಡಿ. ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಿಡಿದಿಟ್ಟರೆ ಜೈಲು.

ಮಳೆಗಾಲದಲ್ಲಿ ಈ ಗೋಡೆಯಿಂದ ಒಂದು ಲಾಭ, ಥರ್ಮಾಕೋಲ್ ಹಿಂಬದಿಯ ಚಳಿ ತಡೆಯುತ್ತೆ. ಆದರೆ ಅದು ಕಲ್ಲಿನ ಹಾಗೆ ತನ್ನೊಳಗೆ ಶಾಖ ತುಂಬಿಟ್ಟುಕೊಳ್ಳಲ್ಲ. ಕರೆಂಟ್ ಹೋಗಿ ದೀಪ ಆರಿದರೆ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತೆ, ನಮ್ಮಲ್ಲಿ ಜುಲೈನಲ್ಲಿ ಕರೆಂಟ್ ಕಥೆ ನಿಮಗೇ ಗೊತ್ತು. ಅದಕ್ಕೆ ಬಿಸಿಲು ಕಾಯುವ ಜಾಗದಲ್ಲಿ ನಿಜವಾದ ಕಡಪ ಕಲ್ಲಿನ ತುಂಡು ಹಾಕಿ, ನೆಲದ ಮೇಲೆ ನೇರವಾಗಿ. ಅದರ ಮೇಲ್ಮೈ 40 ಡಿಗ್ರಿ ಆಸುಪಾಸು ಇರಲಿ. ದೀಪ ಆರಿದ ಮೇಲೂ ನನ್ನದು ಆ ಕಲ್ಲಿಗೇ ಹೊಟ್ಟೆ ಒತ್ತಿ ಮಲಗಿರುತ್ತೆ, ಅಷ್ಟು ಕಷ್ಟಪಟ್ಟು ಮಾಡಿದ ಗೋಡೆಯ ಕಡೆ ತಿರುಗಿಯೂ ನೋಡಲ್ಲ.