ಹಳೆಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್: ದುರಸ್ತಿಯೋ, ಹೊಸದೋ?

ಕಾರವಾರದ ಮನೆಯಲ್ಲಿರುವ ನಿಮ್ಮ ಕ್ವಾಡ್ ಕಂಪನಿಯ ಇಎಸ್‌ಎಲ್-63 ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಜೋಡಿಯಲ್ಲಿ ಎಡಗಡೆಯದರ ದನಿ ಕುಗ್ಗಿದೆ, ಮಳೆಗಾಲದಲ್ಲಿ ಚಟಪಟ ಸದ್ದೂ ಬರುತ್ತದೆ, ರಿಪೇರಿ ಮಾಡಿಸಲೋ ಹೊಸದನ್ನು ಕೊಳ್ಳಲೋ ಎಂದು ಕೇಳಿದ್ದೀರಿ. ದೋಷ ಎಲ್ಲಿದೆ ಎಂಬುದು ತಿಳಿಯುವ ಮೊದಲು ದಯವಿಟ್ಟು ಅವುಗಳನ್ನು ಮಾರಬೇಡಿ.

ಇದರೊಳಗೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆಯೊಂದು, ತೂತುಗಳಿರುವ ಎರಡು ಸ್ಥಿರ ಹಲಗೆಗಳ ನಡುವೆ, 5,000 ವೋಲ್ಟ್‌ಗೂ ಮಿಕ್ಕ ವಿದ್ಯುದಾವೇಶ ಹೊತ್ತು ಕಂಪಿಸುತ್ತದೆ. ಆ ಆವೇಶವನ್ನು ಒದಗಿಸುವ ವಿದ್ಯುತ್ ಪ್ರವಾಹ ಅತ್ಯಲ್ಪವಾದ್ದರಿಂದ, ಒಳಗೆ ಕುಳಿತ ಧೂಳು ನಮ್ಮ ಕರಾವಳಿಯ ಉಪ್ಪುಗಾಳಿಯ ತೇವವನ್ನು ಹೀರಿಕೊಂಡರೆ ಸಾಕು, ಆವೇಶ ಸೋರಿಹೋಗಿ ದನಿ ತಗ್ಗುತ್ತದೆ. ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುವ ಜುಲೈ ತಿಂಗಳಲ್ಲಿ ಇದು ಸಹಜ.

ಮೊದಲು ಆಂಪ್ಲಿಫೈಯರ್ ಆರಿಸಿ, ಎಡ-ಬಲದ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ದೋಷ ಬಲಕ್ಕೆ ಹೋದರೆ ತಪ್ಪು ಸ್ಪೀಕರಿನದಲ್ಲ. ಎಡದಲ್ಲೇ ಉಳಿದರೆ, ಎ.ಸಿ. ಇರುವ ಕೋಣೆಯಲ್ಲಿ ಕೆಲವು ದಿನ ಇಟ್ಟು ಮತ್ತೆ ಕೇಳಿ: ದನಿ ಚೇತರಿಸಿಕೊಂಡರೆ ತೇವದ ಸೋರಿಕೆಯೇ ಕಾರಣವಿರಬಹುದು. ಹಾಗಾಗದಿದ್ದರೆ ವೋಲ್ಟೇಜ್ ಏರಿಸುವ ಡಯೋಡ್-ಕೆಪಾಸಿಟರ್ ಸಾಲನ್ನು ಪರೀಕ್ಷಿಸಬೇಕು, ಅದರ ಬಿಡಿಭಾಗಗಳು ದುಬಾರಿಯಲ್ಲ. ಅಂಟು ಬಿಟ್ಟು ಪೊರೆ ಸಡಿಲಗೊಂಡಿದ್ದರೆ ಮಾತ್ರ ಖರ್ಚು ದೊಡ್ಡದು. ಪ್ರತಿ ಸ್ಪೀಕರಿನಲ್ಲಿ ಇಂಥ ಪೊರೆ-ಹಲಗೆಗಳ 4 ಪ್ಯಾನೆಲ್‌ಗಳಿದ್ದು, ಒಂದು ಕೆಟ್ಟರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಆಗಲೂ ನಾನು ದುರಸ್ತಿಯನ್ನೇ ಆರಿಸುತ್ತೇನೆ, ಏಕೆಂದರೆ ಗಾಯಕರ ಉಸಿರು ಅಷ್ಟು ಸ್ಪಷ್ಟವಾಗಿ ಬೇರೆಡೆ ಕೇಳುವುದು ಅಪರೂಪ. ಹಲಗೆಗಳೇ ಸುಟ್ಟು ಕರಕಲಾಗಿದ್ದರೆ ಹೊಸದನ್ನು ಕೊಳ್ಳಿ.

ಹಿಂಬದಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.