ಹಾಡು ಹಿಡಿದ ಗಡಿಯಾರ: ಮ್ಯೂಸಿಕ್ ವಿಡಿಯೊ ಕಲಿಯುವವರ ಪ್ರಶ್ನೆಗಳಿಗೆ ಸಂಕಲನಕಾರರ ಉತ್ತರ

ಪ್ರಶ್ನೆ: ನಾನು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಷಯದಲ್ಲಿ ಅಂತಿಮ ವರ್ಷದ ಪದವಿ ಓದುತ್ತಿದ್ದೇನೆ. ಗೆಳತಿಯೊಬ್ಬಳು ತಾನೇ ಬರೆದು ಹಾಡಿದ ನಾಲ್ಕು ನಿಮಿಷದ ಹಾಡಿಗೆ ನಮ್ಮ ತಂಡ ಪ್ರಾಜೆಕ್ಟ್‌ಗಾಗಿ ವಿಡಿಯೊ ಮಾಡಿತು. ಎರವಲು ತಂದ ಒಂದೇ ಕ್ಯಾಮೆರಾದಲ್ಲಿ ಎರಡು ದಿನ ಚಿತ್ರೀಕರಿಸಿದೆವು. ಪ್ರತಿ ಶಾಟನ್ನೂ ಬೀಟಿಗೆ ಸರಿಯಾಗಿ ಕತ್ತರಿಸಿ ಜೋಡಿಸಿದರೂ ಚಿತ್ರ ಹಾಡಿನ ಮೇಲೆ ಕುಳಿತುಕೊಳ್ಳುತ್ತಿಲ್ಲ. ಕೆರೆಯ ಏರಿಯ ಮೇಲೆ ತೆಗೆದ ಭಾಗದಲ್ಲಿ ತುಟಿಚಲನೆ ಹಾಡಿಗಿಂತ ತುಸು ಹಿಂದೆ ಬೀಳುತ್ತದೆ, ಸ್ಲೋಮೋಷನ್ ಇರುವಲ್ಲಂತೂ ಪೂರ್ತಿ ತಪ್ಪಿದೆ. ಇನ್ನೊಂದು ತಿಂಗಳ ಸಮಯವಿದ್ದು, ಮೊದಲಿನಿಂದ ಮಾಡಲು ಸಿದ್ಧರಿದ್ದೇವೆ. ಎಲ್ಲಿಂದ ಆರಂಭಿಸಬೇಕು? (ಮಾಧ್ಯಮ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಮೊದಲಿನಿಂದ ಮಾಡಲು ಸಿದ್ಧರಿದ್ದೇವೆ ಎಂಬ ನಿಮ್ಮ ಮಾತು ಓದಿ ಬಹಳ ಸಂತೋಷವಾಯಿತು. ಹಾಗಿದ್ದರೆ ಆ ತಿಂಗಳಿನ ಮೊದಲ ವಾರ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ. ಮಾತಿನ ದೃಶ್ಯವನ್ನು ಚಿತ್ರೀಕರಿಸುವಾಗ ಸಮಯ ನಮ್ಮ ಕೈಯಲ್ಲಿರುತ್ತದೆ. ನಟಿ ಒಂದು ಕ್ಷಣ ತಡೆದು ಉತ್ತರ ಕೊಟ್ಟರೆ ಆ ಮೌನವನ್ನು ಉಳಿಸಿಕೊಳ್ಳಬಹುದು, ಬೇಡವೆನಿಸಿದರೆ ತೆಗೆಯಬಹುದು. ಹಾಡಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಎಲ್ಲಿ ಉಸಿರು, ಎಲ್ಲಿ ಬಿಡುವು, ಎಲ್ಲಿ ಏರು ಎಂಬುದೆಲ್ಲ ಕ್ಯಾಮೆರಾ ಬರುವುದಕ್ಕೆ ಮುಂಚೆಯೇ ತೀರ್ಮಾನವಾಗಿ ಹೋಗಿರುತ್ತದೆ. ಆ ತೀರ್ಮಾನಗಳನ್ನು ಕಿವಿಯಿಂದ ಕಂಡುಹಿಡಿದು ಕಾಗದದ ಮೇಲೆ ಬರೆದುಕೊಳ್ಳುವುದೇ ನಿಮ್ಮ ಮೊದಲ ಕೆಲಸ.

ನಿಮ್ಮ ಹಾಡಿನ ವೇಗ ನಿಮಿಷಕ್ಕೆ 100 ಬೀಟ್ ಎಂದಿಟ್ಟುಕೊಳ್ಳೋಣ. ನಾಲ್ಕು ನಿಮಿಷಕ್ಕೆ 400 ಬೀಟ್ ಆಗುತ್ತದೆ; ನಾಲ್ಕು ನಾಲ್ಕಾಗಿ ಎಣಿಸಿದರೆ 100 ಆವರ್ತ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಆವರ್ತಕ್ಕೊಂದರಂತೆ 100 ಸಾಲು ಎಳೆದು, ಪ್ರತಿ ಸಾಲಿನಲ್ಲಿ ಯಾವ ಪದ ಹಾಡಲಾಗುತ್ತಿದೆ, ಯಾವ ವಾದ್ಯ ಒಳಗೆ ಬಂತು, ಯಾವುದು ನಿಂತಿತು, ಗಾಯಕಿ ಎಲ್ಲಿ ಉಸಿರು ತೆಗೆದುಕೊಂಡಳು ಎಂಬುದನ್ನು ಬರೆಯಿರಿ. ಸೆಕೆಂಡಿಗೆ 25 ಫ್ರೇಮ್‌ನಂತೆ, ಅಂದರೆ 25 ಬಿಡಿಚಿತ್ರಗಳಂತೆ ಚಿತ್ರೀಕರಿಸಿದರೆ ಒಂದು ಬೀಟಿಗೆ 15 ಫ್ರೇಮ್, ಒಂದು ಆವರ್ತಕ್ಕೆ 60 ಫ್ರೇಮ್, ಅಂದರೆ 2.4 ಸೆಕೆಂಡ್ ಸಿಗುತ್ತದೆ. ಅಷ್ಟು ಹೊತ್ತಿನಲ್ಲಿ ಒಬ್ಬಾಕೆ ಕಿಟಕಿಯ ಕಡೆಗೆ ತಿರುಗಬಲ್ಲಳು, ಕಾಫಿ ಲೋಟ ಕೈಗೆತ್ತಿಕೊಳ್ಳಬಲ್ಲಳು. ಅಂಗಳ ದಾಟಿ ಬಾಗಿಲು ತೆರೆಯಲಾರಳು. ಇದನ್ನು ಮೊದಲೇ ಕೈಗಡಿಯಾರ ಹಿಡಿದು ನೋಡಿಕೊಂಡ ತಂಡ, ಚಿತ್ರೀಕರಣದ ದಿನ ಉಪಯೋಗಕ್ಕೆ ಬಾರದ ಶಾಟ್‌ಗಳಿಗಾಗಿ ಬಿಸಿಲಲ್ಲಿ ನಿಲ್ಲುವುದಿಲ್ಲ.

ಪ್ರತಿ ಶಾಟನ್ನೂ ಬೀಟಿಗೆ ಕತ್ತರಿಸಿದೆವು ಎಂದು ಬರೆದಿದ್ದೀರಿ. ನನ್ನ ಪ್ರಕಾರ ತೊಂದರೆ ಶುರುವಾಗಿರುವುದೇ ಅಲ್ಲಿ. ಮೂರು ನಾಲ್ಕು ಸಲ ಬೀಟಿನ ಮೇಲೆಯೇ ಚಿತ್ರ ಬದಲಾದರೆ ಕಣ್ಣು ಮುಂದಿನದನ್ನು ಮೊದಲೇ ಊಹಿಸಿಬಿಡುತ್ತದೆ. ಆಮೇಲೆ ಎಷ್ಟು ಚೆಂದದ ಶಾಟ್ ಬಂದರೂ ಅದು ಗಡಿಯಾರದ ಟಿಕ್ ಟಿಕ್ ಆಗುತ್ತದೆ. ಡ್ರಮ್ಮಿನ ಜೋರು ಪೆಟ್ಟಿಗೆ ಕತ್ತರಿಸಲೇಬೇಕಾದಲ್ಲಿ ಒಂದೆರಡು ಫ್ರೇಮ್ ಮುಂಚೆಯೇ ಕತ್ತರಿಸಿ ನೋಡಿ. ಪೆಟ್ಟು ಬೀಳುವ ಹೊತ್ತಿಗೆ ಹೊಸ ಚಿತ್ರ ಕಣ್ಣಿಗೆ ಬಿದ್ದಾಗಿರುವುದರಿಂದ ಎರಡೂ ಒಟ್ಟಿಗೆ ತಟ್ಟಿದಂತೆ ಭಾಸವಾಗುತ್ತದೆ. ಉಳಿದೆಡೆ ಪದದ ಕೊನೆಗೆ, ಉಸಿರಿಗೆ, ಕೈಯ ಚಲನೆಯ ನಡುವಿಗೆ ಕತ್ತರಿಸಿ. ಕೆಲವು ಆವರ್ತಗಳನ್ನು ಕತ್ತರಿಸದೆ ಹಾಗೆಯೇ ಬಿಡಿ. ಗಾಯಕಿ ದನಿ ಎಳೆದು ನಿಲ್ಲಿಸುವ ಕಡೆ ಅವಳ ಮುಖವನ್ನು ಮೂರು ಆವರ್ತದವರೆಗೆ ಅಲುಗಾಡಿಸದೆ ಇಡುವ ಧೈರ್ಯ ಬಂದ ದಿನ, ನಿಮಗೆ ಸಂಕಲನ ಅರ್ಥವಾಗತೊಡಗಿದೆ ಎಂದುಕೊಳ್ಳಬಹುದು.

ಪಲ್ಲವಿಯ ಬಗ್ಗೆಯೂ ಯೋಚಿಸಿ. ಅದು ಮೂರು ಸಲ ಬರುತ್ತದೆ, ಆದರೆ ಕೇಳುಗ ಮೂರೂ ಸಲ ಅದೇ ಮನಸ್ಸಿನಲ್ಲಿರುವುದಿಲ್ಲ. ನಡುವೆ ಎರಡು ಚರಣಗಳ ಕಥೆ ಅವನಿಗೆ ತಿಳಿದಿರುತ್ತದೆ. ಜಾಗ ಅದೇ ಇರಲಿ, ಚೌಕಟ್ಟು ಅದೇ ಇರಲಿ, ಒಳಗೆ ಒಂದು ಸಂಗತಿ ಬದಲಾಗಿರಲಿ. ಮೊದಲ ಪಲ್ಲವಿಯಲ್ಲಿ ಜಗಲಿಯ ಮೇಲೆ ಇಬ್ಬರು ಕುಳಿತಿದ್ದರೆ ಕೊನೆಯದರಲ್ಲಿ ಒಬ್ಬರೇ ಕುಳಿತಿರಬಹುದು. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಾಗುವುದಿಲ್ಲ, ಆದರೆ ನೂರು ಸಾಲಿನ ಆ ಪುಸ್ತಕವಿಲ್ಲದೆ ಇದು ಹೊಳೆಯುವುದೂ ಇಲ್ಲ.

ಇನ್ನು ತುಟಿಯ ವಿಷಯ. ಮೊದಲೇ ಮುದ್ರಿಸಿಕೊಂಡ ಹಾಡನ್ನು ನುಡಿಸಿ, ಅದಕ್ಕೆ ತುಟಿ ಆಡಿಸುವ ಕಸುಬು ನಮ್ಮ ದೇಶದ ಸಿನಿಮಾದಲ್ಲಿ 1935ರಲ್ಲಿ ಕೋಲ್ಕತ್ತದ ನ್ಯೂ ಥಿಯೇಟರ್ಸ್ ಸಂಸ್ಥೆಯಲ್ಲಿ ಮೊದಲಾಯಿತು. ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್‌ಸ್ಕಿ ಅವರು ಸ್ವಿಟ್ಜರ್ಲೆಂಡಿನಲ್ಲಿ 1951ರಲ್ಲಿ ರೂಪಿಸಿದ ನಾಗ್ರಾ ಎಂಬ ಧ್ವನಿಮುದ್ರಣ ಯಂತ್ರ ನಮ್ಮ ಸಿನಿಮಾಕ್ಕೆ ಎಷ್ಟು ಒಗ್ಗಿತೆಂದರೆ, ದಕ್ಷಿಣ ಭಾರತದ ಸೆಟ್‌ಗಳಲ್ಲಿ ಹಾಡು ನುಡಿಸುವ ಏರ್ಪಾಟಿಗೇ ಆ ಹೆಸರು ನಿಂತುಬಿಟ್ಟಿತು. ನಿಮ್ಮ ಬಳಿ ಇರುವುದು ಒಂದು ಫೋನ್ ಮತ್ತು ಒಂದು ಸ್ಪೀಕರ್, ಅಷ್ಟು ಸಾಕು. ತಪ್ಪಾಗಿರುವುದು ಸ್ಪೀಕರ್ ಇಟ್ಟ ಜಾಗದಲ್ಲಿ ಎಂದು ನನ್ನ ಊಹೆ.

ಹೀಗೆ ಹೇಳಲು ಕಾರಣ, ನಾನೂ ಅದೇ ತಪ್ಪು ಮಾಡಿದ್ದೇನೆ. ನನ್ನ ಮೊದಲ ಹಾಡಿನ ಚಿತ್ರೀಕರಣದಲ್ಲಿ ಸ್ಪೀಕರನ್ನು ಅನುಕೂಲಕ್ಕೆಂದು ಕ್ಯಾಮೆರಾದ ಪಕ್ಕದಲ್ಲೇ ಇಟ್ಟೆ. ಗಾಯಕ 30 ಮೀಟರ್ ದೂರದಲ್ಲಿ ನಿಂತು ಹಾಡುತ್ತಿದ್ದ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುತ್ತದೆ. ಅಂದರೆ 25 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಕಳೆಯುವಷ್ಟರಲ್ಲಿ ಅದು ಸಾಗುವುದು ಹದಿಮೂರೂವರೆ ಮೀಟರ್ ಅಷ್ಟೇ. ಹಾಡು ಗಾಯಕನ ಕಿವಿಗೆ ಎರಡು ಫ್ರೇಮ್ ತಡವಾಗಿ ತಲುಪಿತು, ಅವನ ತುಟಿ ಎರಡು ಫ್ರೇಮ್ ತಡವಾಗಿ ತೆರೆಯಿತು, ಕ್ಯಾಮೆರಾದ ಮೈಕಿಗೆ ಮಾತ್ರ ಹಾಡು ಆ ಕ್ಷಣದಲ್ಲೇ ಸಿಕ್ಕಿತು. ಆ ಮೈಕಿನ ಧ್ವನಿಯನ್ನೇ ನಂಬಿ ಚಿತ್ರವನ್ನು ಹಾಡಿಗೆ ಜೋಡಿಸಿದಾಗ ತುಟಿ ಹಿಂದೆ ಬಿತ್ತು. ಸಂಕಲನದ ಮೇಜಿನ ಮುಂದೆ ಕುಳಿತು ಅವನಿಗೆ ಹಾಡಲು ಬರುವುದಿಲ್ಲವೆಂದು ಒಂದು ರಾತ್ರಿಯಿಡೀ ಬೈದುಕೊಂಡೆ. ಅದಕ್ಕಾಗಿ ಇಂದಿಗೂ ನಾಚಿಕೆಯಾಗುತ್ತದೆ. ನಿಮ್ಮ ಕೆರೆಯ ಏರಿಯ ದೃಶ್ಯಗಳನ್ನು ಎಸೆಯಬೇಡಿ. ಚಿತ್ರವನ್ನು ಟೈಮ್‌ಲೈನಿನಲ್ಲಿ (ಸಂಕಲನದ ತಂತ್ರಾಂಶದಲ್ಲಿ ಚಿತ್ರ, ಧ್ವನಿಗಳನ್ನು ಜೋಡಿಸುವ ಪಟ್ಟಿಯಲ್ಲಿ) ಒಂದೊಂದೇ ಫ್ರೇಮ್ ಮುಂಚಿತವಾಗಿ ಸರಿಸಿ ನೋಡಿ, ಬಹುಶಃ ಸರಿಹೋಗುತ್ತದೆ. ಮುಂದಿನ ಸಲ ಸ್ಪೀಕರನ್ನು ಹಾಡುವವರ ಹತ್ತಿರ, ಚೌಕಟ್ಟಿನ ಅಂಚಿನಾಚೆ ಇಡಿ. ಆಗ ದೂರದ ಕ್ಯಾಮೆರಾದ ಮೈಕಿಗೆ ಹಾಡು ತಡವಾಗಿ ಸೇರುತ್ತದೆ, ಅದನ್ನೇ ನಂಬಿ ಜೋಡಿಸಿದರೆ ತುಟಿ ಮುಂದೆ ಓಡುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ ಯಾವುದನ್ನು ನಂಬಬೇಕು? ಕನ್ನಡದ ಓಷ್ಠ್ಯಾಕ್ಷರಗಳನ್ನು ನಂಬಿ. ಪ, ಬ, ಮ ಈ ಅಕ್ಷರಗಳನ್ನು ತುಟಿ ಮುಚ್ಚದೆ ಯಾರೂ ಉಚ್ಚರಿಸಲಾರರು. ಸಾಲಿನಲ್ಲಿ 'ಬಾ' ಎಂಬ ಶಬ್ದವಿದ್ದರೆ, ಆ ದನಿ ಸಿಡಿಯುವುದಕ್ಕೆ ತುಸು ಮುಂಚೆ ತುಟಿ ಮುಚ್ಚಿರುವ ಫ್ರೇಮ್ ಇರಲೇಬೇಕು. ಅದನ್ನು ಹುಡುಕಿ ಹೊಂದಿಸಿದರೆ ಸಾಲಿನ ಉಳಿದ ಅಕ್ಷರಗಳು ತಾವಾಗಿ ಕೂಡಿಕೊಳ್ಳುತ್ತವೆ. ಇನ್ನೊಂದು ಮಾತು: ನಿಮ್ಮ ಗೆಳತಿ ಬರೀ ತುಟಿ ಆಡಿಸದಿರಲಿ, ಗಂಟಲು ಬಿಟ್ಟು ಹಾಡಲಿ. ಏರುಸ್ವರದಲ್ಲಿ ಕತ್ತಿನ ನರ ಬಿಗಿಯುವುದು, ಸಾಲಿಗೆ ಮೊದಲು ಎದೆ ತುಂಬುವುದು, ಇವನ್ನು ನಟಿಸಿ ತೋರಿಸುವುದು ಬಹಳ ಕಷ್ಟ. ಪ್ರತಿ ಟೇಕಿಗೂ ಹಾಡಿನ ಮುಂಚೆ ನಾಲ್ಕು 'ಟಕ್' ಶಬ್ದ ಸೇರಿಸಿದ ಪ್ರತಿಯನ್ನೇ ನುಡಿಸಿದರೆ ಅವರಿಗೆ ಎತ್ತಿಕೊಳ್ಳುವ ಜಾಗ ಖಚಿತವಾಗಿ ತಿಳಿಯುತ್ತದೆ.

ಸ್ಲೋಮೋಷನ್‌ನಲ್ಲಿ ತುಟಿ ತಪ್ಪಿರುವುದಕ್ಕೆ ಕಾರಣ ಸರಳವಾದದ್ದು. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದದ್ದನ್ನು 25ರಲ್ಲಿ ತೋರಿಸಿದಾಗ ತುಟಿಯೂ ಅರ್ಧ ವೇಗಕ್ಕೆ ಇಳಿಯುತ್ತದೆ. ಆದ್ದರಿಂದ ಚಿತ್ರೀಕರಿಸುವಾಗ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಅದಕ್ಕೆ ಸರಿಯಾಗಿ ಹಾಡಿಸಬೇಕು. ಇಂಗ್ಲೆಂಡಿನ ಕೋಲ್ಡ್‌ಪ್ಲೇ ತಂಡದ 2000ನೇ ಇಸವಿಯ 'ಯೆಲ್ಲೊ' ಹಾಡಿನ ವಿಡಿಯೊವನ್ನು ನೋಡಿ. ಸಮುದ್ರದ ದಂಡೆಯಲ್ಲಿ ಗಾಯಕ ನಿಧಾನವಾಗಿ ನಡೆದುಬರುತ್ತಾನೆ, ಅಲೆ ನಿಧಾನವಾಗಿ ಒಡೆಯುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿದೆ. ಅವನು ಎರಡು ಪಟ್ಟು ವೇಗದಲ್ಲಿ ಹಾಡಿದ್ದರಿಂದ ಅದು ಸಾಧ್ಯವಾಯಿತು. ಮನೆಯಲ್ಲಿ ಎರಡು ಮೂರು ದಿನ ಅಭ್ಯಾಸ ಮಾಡಿದರೆ ನಿಮ್ಮ ಗೆಳತಿಗೂ ಇದು ಬರುತ್ತದೆ. ಹಾಂ, ಟ್ಯೂಬ್‌ಲೈಟಿನ ಕೆಳಗೆ ಚಿತ್ರೀಕರಿಸುವುದಾದರೆ ಶಟರ್ ವೇಗ, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು, 1/50 ಅಥವಾ 1/100 ಸೆಕೆಂಡ್ ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಬೇರೆ ವೇಗಗಳಲ್ಲಿ ಬೆಳಕು ಮಿನುಗುವ ಸಾಧ್ಯತೆ ಹೆಚ್ಚು.

ಕ್ಯಾಮೆರಾ ಒಂದೇ ಇದೆ ಎಂದು ಚಿಂತಿಸಬೇಡಿ. ಇಡೀ ಹಾಡನ್ನು ದೂರದಿಂದ ಒಮ್ಮೆ, ಸೊಂಟದ ಮೇಲಕ್ಕೆ ಒಮ್ಮೆ, ಮುಖಕ್ಕೆ ಒಮ್ಮೆ ನಿಲ್ಲಿಸದೆ ತೆಗೆಯಿರಿ. ಎಲ್ಲವನ್ನೂ ಟೈಮ್‌ಲೈನಿನಲ್ಲಿ ಹಾಡಿನ ಮೇಲೆ ಒಂದರ ಮೇಲೊಂದು ಪೇರಿಸಿದರೆ, ನೂರು ಸಾಲಿನಲ್ಲಿ ಯಾವ ಸಾಲಿಗೂ ಕನಿಷ್ಠ ಮೂರು ಆಯ್ಕೆ ನಿಮ್ಮ ಕೈಯಲ್ಲಿರುತ್ತವೆ.

ಪ್ರಶ್ನೆ: ನಮ್ಮ ಕಾಲೇಜಿನ ತಂಡಕ್ಕೆ ಸ್ವಂತ ಹಾಡಿಲ್ಲ. ಬೇಂದ್ರೆಯವರ ಒಂದು ಕವಿತೆಯ ಹಳೆಯ ಧ್ವನಿಮುದ್ರಣಕ್ಕೆ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಬಹುದೆ? (ಪದವಿ ವಿದ್ಯಾರ್ಥಿ, ಧಾರವಾಡ)

ಉತ್ತರ: ಅನುಮತಿ ಇಲ್ಲದೆ ಹಾಕಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಹಕ್ಕು ಅವರ ನಿಧನದ ನಂತರ 60 ವರ್ಷ ಉಳಿಯುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡದ್ದರಿಂದ ಅದು 2041ರ ಕೊನೆಯವರೆಗೆ ಇರುತ್ತದೆ. ರಾಗ ಸಂಯೋಜಿಸಿದವರ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಆ ಎರಡನೆಯದು ಪ್ರಕಟಣೆಯಿಂದ 60 ವರ್ಷದ್ದು. ಕಾಲೇಜಿನೊಳಗೆ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ತೋರಿಸುವುದಕ್ಕೆ ಕಾಯ್ದೆ ಕೊಡುವ ರಿಯಾಯಿತಿಯನ್ನು ಯೂಟ್ಯೂಬ್‌ಗೆ ಹಿಗ್ಗಿಸಲಾಗದು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದವನ್ನೋ ಒಂದು ವಚನವನ್ನೋ ಆರಿಸಿಕೊಂಡು, ನಿಮ್ಮ ತಂಡದವರೇ ಹೊಸದಾಗಿ ರಾಗ ಹಾಕಿ ಹಾಡಿದರೆ ಯಾರ ಅನುಮತಿಯೂ ಬೇಕಾಗುವುದಿಲ್ಲ. ಆಗಲೂ ರಾಗ ಹಾಕಿದ ಗೆಳೆಯನಿಂದ, ಹಾಡಿದ ಗೆಳತಿಯಿಂದ ಒಂದು ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ.

ಪ್ರಶ್ನೆ: ಮನೆಯೊಳಗಿನ ದೃಶ್ಯಕ್ಕೆ ದೀಪಗಳನ್ನು ಬಾಡಿಗೆಗೆ ತರುವ ಹಣ ನಮ್ಮಲ್ಲಿಲ್ಲ. ಬಿಸಿಲಿನಿಂದಲೇ ಕೆಲಸ ನಡೆಸಬಹುದೆ? (ಮಾಧ್ಯಮ ವಿದ್ಯಾರ್ಥಿ, ಮೈಸೂರು)

ಉತ್ತರ: ನಡೆಸಬಹುದು, ಮತ್ತು ಅದಕ್ಕೆ ಗುರು ನಿಮ್ಮ ಊರಿನಲ್ಲೇ ಹುಟ್ಟಿದವರು. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಒಂದು ಹಾಡಿನಲ್ಲಿ, ಕತ್ತಲು ತುಂಬಿದ ಸ್ಟುಡಿಯೊದ ಮಾಡಿನಿಂದ ಬೆಳಕಿನ ಕೋಲೊಂದು ನೆಲಕ್ಕೆ ಇಳಿಯುತ್ತದೆ. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಲ್ಲಿ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ಬೀಳಿಸಿ ಅವರು ಅದನ್ನು ಮೂಡಿಸಿದರು. ಆ ಹಾಡನ್ನು ಒಮ್ಮೆ ಶಬ್ದವಿಲ್ಲದೆ ನೋಡಿ.

ನಿಮಗೆ ಬೇಕಾದದ್ದು ಬೀರುವಿನ ಬಾಗಿಲಿನಷ್ಟು ದೊಡ್ಡ ಕನ್ನಡಿ ಮತ್ತು ಎರಡು ಥರ್ಮಾಕೋಲ್ ಹಾಳೆ. ಕನ್ನಡಿಯನ್ನು ಅಂಗಳದಲ್ಲಿಟ್ಟು ಬಿಸಿಲನ್ನು ಕಿಟಕಿಯೊಳಗೆ ಹಾಯಿಸಿ. ಅದನ್ನು ನೇರವಾಗಿ ಮುಖಕ್ಕೆ ಬಿಡದೆ ಥರ್ಮಾಕೋಲ್ ಮೇಲೆ ಬೀಳಿಸಿದರೆ ಮೆದುವಾದ ಬೆಳಕು ಮುಖಕ್ಕೆ ಸಿಗುತ್ತದೆ. ಬೆಳಕಿನ ಕೋಲು ಕಾಣಬೇಕಾದರೆ ಕೋಣೆಯಲ್ಲಿ ಸ್ವಲ್ಪ ಸಾಂಬ್ರಾಣಿ ಹೊಗೆ ಹಾಕಿ. ಕನ್ನಡಿ ಕಾಯಲು ಒಬ್ಬರನ್ನು ಅಂಗಳದಲ್ಲೇ ನಿಲ್ಲಿಸಿ, ಏಕೆಂದರೆ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯಿಂದ ಹತ್ತು ಮೀಟರ್ ಒಳಗೆ ಕುಳಿತ ಗಾಯಕಿ ಹಾಡನ್ನು ಒಮ್ಮೆ ಪೂರ್ತಿ ಹಾಡಿ ಮುಗಿಸುವ ಹೊತ್ತಿಗೆ ಅವಳ ಕೆನ್ನೆಯ ಮೇಲಿದ್ದ ಬೆಳಕು ಮುಕ್ಕಾಲು ಗೇಣು ಆಚೆ ಹೋಗಿರುತ್ತದೆ. ಮುಂದಿನ ಟೇಕಿಗೆ 'ಟಕ್' ಶಬ್ದ ಕೇಳಿಸುವ ಮುಂಚೆ ಆತ ಅದನ್ನು ಮತ್ತೆ ಕೆನ್ನೆಗೆ ತಂದಿಟ್ಟಿರಬೇಕು.