ಕ್ರೆಮ್ಲಿನ್ ಅಂದ್ರೆ ಒಂದೇ ಅಲ್ಲ!

ಪ್ರಶ್ನೆ: ಸುದ್ದಿಯಲ್ಲಿ ‘ಕ್ರೆಮ್ಲಿನ್ ಎಚ್ಚರಿಸಿದೆ’, ‘ಕ್ರೆಮ್ಲಿನ್ ಅಲ್ಲಗಳೆದಿದೆ’ ಅಂತೆಲ್ಲ ಬರುತ್ತಲ್ಲ, ಅದು ರಷ್ಯಾದ ಅಧ್ಯಕ್ಷರ ಮನೆಯ ಹೆಸರೇ? ಆ ಪದ ಎಲ್ಲಿಂದ ಬಂತು?

ಉತ್ತರ: ಮನೆಯಲ್ಲ, ಕೋಟೆ. ಹಳೆಯ ರಷ್ಯಾದ ಊರುಗಳಲ್ಲಿ ಆಯಕಟ್ಟಿನ ಜಾಗ ನೋಡಿ ಗೋಡೆ ಎಬ್ಬಿಸಿ, ಒಳಗೆ ಅರಸನ ಬಿಡಾರ, ದೊಡ್ಡ ಚರ್ಚು, ದವಸಧಾನ್ಯ ಎಲ್ಲ ಇಟ್ಟುಕೊಳ್ಳುತ್ತಿದ್ದರು. ದಂಡು ಬಂತು ಅಂದರೆ ಹೊರಗಿನ ಪೇಟೆಯವರೂ ಅಲ್ಲಿಗೇ ಓಡಬೇಕು. ಇಂಥ ಒಳಕೋಟೆಗೆ ರಷ್ಯನ್ನರು ‘ಕ್ರೆಮ್ಲ್’ ಅನ್ನುತ್ತಾರೆ. ಕೊನೆಯ ‘ಇನ್’ ಅವರದ್ದಲ್ಲ. ಅದು ಪಶ್ಚಿಮ ಯುರೋಪಿನವರ ಬಾಯಲ್ಲಿ ಅಂಟಿಕೊಂಡದ್ದು, ಇಂಗ್ಲಿಷಿನ ಜೊತೆ ನಮಗೂ ಬಂತು.

ಹಾಗಾಗಿ ಕ್ರೆಮ್ಲಿನ್ ಒಂದೇ ಅಲ್ಲ. ಸುದ್ದಿಯಲ್ಲಿ ಬರೋದು ಮಾಸ್ಕೋದ್ದು, ಅದಲ್ಲದೆ ಕಜಾನ್, ತುಲಾ, ಕೊಲೊಮ್ನಾ, ಆಸ್ತ್ರಖಾನ್, ನಿಝ್ನಿ ನವ್‌ಗೊರೊದ್ ಎಲ್ಲ ಕಡೆ ಇವೆ. ರೊಸ್ತೋವ್‌ನದ್ದಂತೂ ತಮಾಷೆ: ನೋಡೋಕೆ ಕೋಟೆ, ಆದರೆ 17ನೇ ಶತಮಾನದಲ್ಲಿ ಕಟ್ಟಿಸಿದ್ದು ಒಬ್ಬ ದೊಡ್ಡ ಪಾದ್ರಿಯ ವಾಸಕ್ಕೆ.

ಇನ್ನು ಮೂಲ. ಇಲ್ಲಿ ಪಂಡಿತರಲ್ಲೇ ಒಮ್ಮತ ಇಲ್ಲ. 14ನೇ ಶತಮಾನದ ಸಂಗತಿ ಹೇಳುವ ಹಳೆಯ ವೃತ್ತಾಂತಗಳಲ್ಲಿ ‘ಕ್ರೆಮ್ನಿಕ್’ ಅನ್ನೋ ರೂಪ ಸಿಗುತ್ತದೆ. ಕೆಲವರು ಇದನ್ನು ಕಡಿದಾದ ಬಂಡೆ ಅನ್ನುವ ಗ್ರೀಕ್ ಪದಕ್ಕೆ ಕಟ್ಟುತ್ತಾರೆ. ಇನ್ನು ಕೆಲವರು ತುರ್ಕಿ ಮೂಲದ ‘ಕೆರ್ಮೆನ್’, ಅಂದರೆ ಕೋಟೆ, ಅನ್ನುತ್ತಾರೆ. ‘ಕ್ರೆಮೆನ್’ ಅಂದರೆ ಬೆಣಚುಕಲ್ಲು, ಕಲ್ಲಿನ ಕೋಟೆಯಾದ್ದರಿಂದ ಆ ಹೆಸರು ಅನ್ನೋ ವಾದವೂ ಉಂಟು. ಅದು ನನಗೆ ಅಷ್ಟು ಹಿಡಿಸಲಿಲ್ಲ, ಯಾಕಂದ್ರೆ ಮಾಸ್ಕೋದ ಗೋಡೆ 1367ರವರೆಗೂ ಇದ್ದದ್ದು ಮರದ್ದು! ಬಲವಾದ ದಿಮ್ಮಿ ಕೊಡುವ ಕಾಡಿಗೆ ‘ಕ್ರೆಮ್’ ಅನ್ನುತ್ತಿದ್ದರು, ಅದರಿಂದಲೇ ಬಂತು ಅನ್ನೋದು ಇದಕ್ಕಿಂತ ಮೇಲು. ನನ್ನ ಒಲವು ಮಾತ್ರ ‘ಕ್ರೋಮ್’ ಕಡೆಗೆ. ಅಂಚು, ಬೇರೆ ಮಾಡಿದ್ದು ಅನ್ನೋ ಅರ್ಥದ ಬಳಗದ್ದು ಅದು. ಪ್ಸ್ಕೋವ್ ಊರಿನ ಕೋಟೆಗೆ ಈಗಲೂ ಕ್ರೋಮ್ ಅಂತಲೇ ಹೆಸರು, ಅದು ಇರೋದೂ ಎರಡು ನದಿ ಕೂಡುವ ಚಾಚಿನ ಮೇಲೆ. ಮಾಸ್ಕೋದ್ದೂ ಅಷ್ಟೇ, ಮಾಸ್ಕ್ವಾ ಮತ್ತು ನೆಗ್ಲಿನ್ನಯಾ ನದಿ ಸೇರುವಲ್ಲಿನ ಗುಡ್ಡ. ನೆಗ್ಲಿನ್ನಯಾ ಈಗ ನೆಲದಡಿಯ ಕಾಲುವೆಯಲ್ಲಿ ಹರಿಯುತ್ತದೆ, ಹಾಗಾಗಿ ಹೋದವರಿಗೆ ಕಾಣೋದು ಒಂದೇ ನದಿ.

ನಾವು ಫೋಟೋದಲ್ಲಿ ನೋಡುವ ಕೆಂಪು ಇಟ್ಟಿಗೆ ಗೋಡೆ 1485ರಿಂದ 1495ರ ನಡುವೆ, ಮಾಸ್ಕೋದ ಅರಸ ಮೂರನೇ ಇವಾನನ ಕಾಲದಲ್ಲಿ ಎದ್ದದ್ದು. ಕಟ್ಟಿಸಲು ಇಟಲಿಯಿಂದ ಮೇಸ್ತ್ರಿಗಳನ್ನು ಕರೆಸಿದ್ದ. ಗೋಡೆ ಮೇಲಿನ ತೆನೆಗಳನ್ನು ಗಮನಿಸಿ, ತುದಿ ಸೀಳಿಕೊಂಡು ಹಕ್ಕಿಯ ಬಾಲದ ಹಾಗಿವೆ. ಅದು ಉತ್ತರ ಇಟಲಿಯ ಕೋಟೆಗಳ ರೀತಿ. ಸ್ಪಾಸ್ಕಯಾ ಬುರುಜಿನ ಬಾಗಿಲ ಮೇಲೆ ಕಟ್ಟಿದವನ ಹೆಸರು, ಪಿಯೆತ್ರೊ ಅಂತೋನಿಯೊ ಸೊಲಾರಿ ಅಂತ, ಹೊರಗಡೆ ಲ್ಯಾಟಿನ್ನಿನಲ್ಲಿ, ಒಳಗಡೆ ರಷ್ಯನ್ನಿನಲ್ಲಿ ಕೆತ್ತಿದ್ದಾರೆ. ಸುತ್ತಳತೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಬುರುಜು 20.

ಕೋಟೆಯ ಹೆಸರು ಸರ್ಕಾರದ ಹೆಸರಾಗಿದ್ದು ಈಚೆಗೆ. 1712ರಲ್ಲಿ ಪೀಟರ್ ದೊರೆ ರಾಜಧಾನಿಯನ್ನು ಸೇಂಟ್ ಪೀಟರ್ಸ್‌ಬರ್ಗಿಗೆ ಒಯ್ದಿದ್ದ. 1918ರ ಮಾರ್ಚಿನಲ್ಲಿ ಬೊಲ್ಶೆವಿಕ್ ಸರ್ಕಾರ ಮಾಸ್ಕೋಗೆ ವಾಪಸ್ ಬಂದು ಕೋಟೆಯೊಳಗೇ ಕೂತಿತು. ಸೋವಿಯತ್ ಕಾಲದಲ್ಲಿ ಪತ್ರಿಕೆಗಳು ‘ಕ್ರೆಮ್ಲಿನ್’ ಅಂದ್ರೆ ಸರ್ಕಾರ ಅಂತ ಬರೆದು ಬರೆದು ಅದೇ ನಿಂತುಬಿಟ್ಟಿತು. ಈಗಿನ ಅಧ್ಯಕ್ಷರ ಕಚೇರಿಯೂ ಕೋಟೆಯೊಳಗಿನ ಸೆನೆಟ್ ಕಟ್ಟಡದಲ್ಲೇ ಇದೆ.

ಪ್ರಶ್ನೆ: ಬಣ್ಣಬಣ್ಣದ ಈರುಳ್ಳಿ ಗುಮ್ಮಟಗಳ ಕಟ್ಟಡವೇ ಕ್ರೆಮ್ಲಿನ್ ಅಲ್ವಾ?

ಉತ್ತರ: ಅಲ್ಲ. ಅದು ಸೇಂಟ್ ಬೆಸಿಲ್ ಚರ್ಚು, 1555ರಿಂದ 1561ರಲ್ಲಿ ಕಟ್ಟಿದ್ದು. ಇರೋದು ಕೋಟೆಯ ಹೊರಗೆ, ರೆಡ್ ಸ್ಕ್ವೇರಿನ ತುದಿಯಲ್ಲಿ. ಟಿವಿಯವರು ಕ್ರೆಮ್ಲಿನ್ ಸುದ್ದಿ ಓದುವಾಗ ಸುಮ್ನೆ ಇದನ್ನೇ ತೋರಿಸೋದರಿಂದ ಈ ಗೊಂದಲ.